ಪ್ಯಾಂಟಿನ ನಂಬರ್ ನಂಬಬೇಡಿ, ಟೇಪು ಹಿಡಿಯಿರಿ

ಊರು ಗದಗ, ಅಂಗಡಿ ಪುಣೆಯ ರವಿವಾರ ಪೇಟೆಯಲ್ಲಿ. 30 ವರ್ಷದಿಂದ ಪ್ಯಾಂಟು ಹೊಲಿಯುತ್ತಿದ್ದೇನೆ. ಊರಿನವರ ಸೊಂಟವೆಲ್ಲ ಅಳೆದವನು ನನ್ನದನ್ನು ಸರಿಯಾಗಿ ಅಳೆದುಕೊಂಡದ್ದು ಹೋದ ವರ್ಷ.

ಎತ್ತರ 165 ಸೆಂ.ಮೀ., ತೂಕ 62 ಕೆ.ಜಿ. ಕೈಕಾಲು ಸಣಕಲು. ನಾನು ಹೋಗುತ್ತಿದ್ದ ಕ್ಲಿನಿಕ್ಕಿನಲ್ಲಿ ತೂಕ ನೋಡಿ 'ನಿಮಗೇನು ಚಿಂತೆ' ಅಂದು ಕಳಿಸುತ್ತಿದ್ದರು. ಆಮೇಲೆ ಬೇರೆ ಕಡೆ ರಕ್ತ ಕೊಟ್ಟರೆ ಖಾಲಿ ಹೊಟ್ಟೆಯ ಶುಗರ್ 118! 100 ಮುಟ್ಟಿದರೆ ಎಚ್ಚರ ಬೇಕು, 126ಕ್ಕೆ ಸಕ್ಕರೆ ಕಾಯಿಲೆ.

ತೂಕ ಸರಿ ಇದ್ದರೂ ಹೊಟ್ಟೆಯ ಕೊಬ್ಬಿನಿಂದ ಶುಗರ್ ಏರಬಹುದು, ಅದರ ಸುಳಿವು ಕೊಡುವುದು ಸೊಂಟದ ಅಳತೆ. ನನ್ನ ಪ್ಯಾಂಟು 32. ಮೋಸ ಇದ್ದದ್ದು ಅಲ್ಲೇ. ಹೊಟ್ಟೆ ಬಂದಂತೆ ಗಂಡಸರು ಪ್ಯಾಂಟನ್ನು ಕೆಳಗೆ ಇಳಿಸುತ್ತಾರೆ. ಹೊಟ್ಟೆ ಬೆಲ್ಟಿನ ಮೇಲೆ ಕೂರುತ್ತದೆ, ನಂಬರ್ ಹಾಗೇ ಉಳಿಯುತ್ತದೆ. ಡಾಕ್ಟರ್ ಹೇಳುವ ಸೊಂಟ ಅದಕ್ಕಿಂತ ಮೇಲಿದೆ.

ಪಕ್ಕೆಯ ಮೇಲೆ ಬೆರಳಿಟ್ಟು ಕೊನೆಯ ಎಲುಬು ಹುಡುಕಿ. ಕೆಳಗೆ ಸೊಂಟದ ಮೂಳೆಯ ಮೇಲ್ತುದಿ ಹುಡುಕಿ. ಇವೆರಡರ ಸರಿ ನಡುವೆ ಪೆನ್ನಿನಲ್ಲಿ ಗುರುತು ಹಾಕಿ. ಟೇಪು ಹೋಗಬೇಕಾದ್ದು ಅಲ್ಲಿ. ಹೆಂಗಸರು ಲಂಗದ ಲಾಡಿ ಕಟ್ಟಿದ ಗುರುತಿನ ಮೇಲೆ ಅಳೆಯಬೇಡಿ. ಬರಿಮೈ ಮೇಲೆ, ಕಾಲು ಜೋಡಿಸಿ, ಕೈ ಇಳಿಬಿಟ್ಟು ನಿಲ್ಲಿ. ಟೇಪು ಬೆನ್ನ ಹಿಂದೆ ಜಾರುತ್ತದೆ, ಕನ್ನಡಿಯಲ್ಲಿ ನೋಡಿಕೊಳ್ಳಿ. ಮೈಗೆ ತಾಗಬೇಕು, ಒತ್ತಬಾರದು.

ಇನ್ನು ಉಸಿರು. ಟೇಪು ಕಂಡ ಕೂಡಲೇ ಹೊಟ್ಟೆ ಒಳಗೆಳೆಯದ ಗಿರಾಕಿಯನ್ನು ನಾನು ನೋಡಿಲ್ಲ. ಅದಕ್ಕೇ 'ಮಗಳ ಪರೀಕ್ಷೆ ಹೇಗಾಯ್ತು ರೀ?' ಅಂತ ಕೇಳುತ್ತೇನೆ. ಉತ್ತರ ಹೇಳುವಷ್ಟರಲ್ಲಿ ಹೊಟ್ಟೆ ತನ್ನ ಜಾಗಕ್ಕೆ ಬಂದಿರುತ್ತದೆ! ಮನೆಯಲ್ಲಿ ಸುಮ್ನೆ ಉಸಿರು ಬಿಟ್ಟು, ಬಿಟ್ಟ ಕೊನೆಗೆ ಓದಿ. ಎರಡು ಸಲ ಅಳೆಯಿರಿ. 1 ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮತ್ತೆ ಅಳೆಯಿರಿ. ಹಳೇ ಬಟ್ಟೆ ಟೇಪು ಎಳೆದೆಳೆದು ಉದ್ದವಾಗಿರುತ್ತದೆ, ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿ.

ನಮ್ಮ ಕಡೆಯವರಿಗೆ ಮಿತಿ ಗಂಡಸರಿಗೆ 90 ಸೆಂ.ಮೀ., ಅಂದರೆ ಸುಮಾರು 35½ ಇಂಚು. ಹೆಂಗಸರಿಗೆ 80, ಸುಮಾರು 31½. ಅಮೆರಿಕದ ಪಟ್ಟಿಯಲ್ಲಿ ಗಂಡಸರಿಗೆ 102, ಹೆಂಗಸರಿಗೆ 88 ಅಂತ ಇರುತ್ತದೆ, ಅದನ್ನು ನೋಡಿ ಖುಷಿಪಡಬೇಡಿ. ನೆನಪಿಡೋದಕ್ಕೆ ಇನ್ನೂ ಸುಲಭದ್ದು ಬೇಕಾ? ಸೊಂಟ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ. ನನ್ನ ಅರ್ಧ 82.5. ಟೇಪು ತೋರಿಸಿದ್ದು 93. ಸೊಂಟವನ್ನು ಎತ್ತರದಿಂದ ಭಾಗಿಸಿದರೆ 0.56. ಅರ್ಧ ದಾಟಿದರೆ ಅಪಾಯ, 0.6 ಮುಟ್ಟಿದರೆ ಹೆಚ್ಚು ಅಪಾಯ. ಸೊಂಟವನ್ನು ಸೀಟಿನ, ಅಂದರೆ ಕುಂಡೆಯ ಸುತ್ತಳತೆಯಿಂದ ಭಾಗಿಸುವ ಲೆಕ್ಕವೂ ಇದೆ, ಅದರ ಮಿತಿ ಗಂಡಸರಿಗೆ 0.90, ಹೆಂಗಸರಿಗೆ 0.85. ಸೀಟು ಸರಿಯಾಗಿ ಅಳೆಯುವುದು ಟೇಲರ್‌ಗಳಿಗೇ ಕಷ್ಟ, ಬಿಡಿ. ಬಸುರಿಯರಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ.

ತೂಕ ಸರಿ ಇದ್ದರೂ ಯಾಕೆ ಹೀಗೆ? ಚರ್ಮದ ಕೆಳಗಿನ ಕೊಬ್ಬಿಗಿಂತ ಹೊಟ್ಟೆಯೊಳಗೆ ಕರುಳಿನ ಸುತ್ತ ಕೂತ ಕೊಬ್ಬು ಕೆಟ್ಟದ್ದು. ಅದರ ರಕ್ತ ನೇರವಾಗಿ ಲಿವರ್‌ಗೆ ಹೋಗುತ್ತದೆ. ಲಿವರ್‌ನಲ್ಲಿ ಕೊಬ್ಬು ಸೇರಿ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್‌ನ ಮಾತು ನಡೆಯದಂತಾಗುತ್ತದೆ. ಶುಗರ್, ಬಿಪಿ, ಹೃದಯದ ತೊಂದರೆ ಹೀಗೇ ಹತ್ತಿರವಾಗುತ್ತವೆ. ನಮ್ಮ ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಯಾಜ್ಞಿಕ್ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮ ಫೋಟೊವನ್ನೇ ಹಾಕಿದರು, ಪಕ್ಕದಲ್ಲಿ ಬ್ರಿಟನ್ನಿನ ಡಾ. ಯುಡ್ಕಿನ್. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ, 22.3. ಮೈಯಲ್ಲಿನ ಕೊಬ್ಬು ಯುಡ್ಕಿನ್‌ಗೆ 9.1%, ಯಾಜ್ಞಿಕ್‌ಗೆ 21.2%. ನನ್ನ ಬಿಎಂಐ 22.8, ನನ್ನ ಕಥೆ ಬೇರೆ ಹೇಳಬೇಕಾ?

ಬೆಳಗ್ಗೆ ಪರ್ವತಿ ಗುಡ್ಡ ಹತ್ತುತ್ತೇನೆ, ರಾತ್ರಿ ಅನ್ನ ಅರ್ಧ ಮಾಡಿದ್ದೇನೆ. ಅಳತೆ ಪುಸ್ತಕದ ಕೊನೇ ಪುಟ ನನಗೆ ಇಟ್ಟುಕೊಂಡಿದ್ದೇನೆ, ಮೂರು ತಿಂಗಳಿಗೊಮ್ಮೆ ಬರೆಯುತ್ತೇನೆ. 93, 91, 89.5. ಪ್ಯಾಂಟು ಆಗಲೂ 32, ಈಗಲೂ 32.