ಗೀಸರಿಗೆ ಹಿಡದ ಸುಣ್ಣ ತೆಗೆಯೋದು ಹೆಂಗ? ಮೊದಲು ಸುತ್ತಿಗಿ ಒಳಗಿಟ್ಟು ಬರ್ರಿ

ಗೀಸರ್ ಆನ್ ಮಾಡಿದ್ರ ಒಳಗ ಕಟಕಟ ಸಪ್ಪಳ ಬರ್ತದ, ಮೊದಲು ಹದಿನೈದು ನಿಮಿಷಕ್ಕ ಕಾಯ್ತಿದ್ದ ನೀರು ಈಗ ಅರ್ಧ ತಾಸು ತಗೋತದ ಅಂದ್ರ ಹೊಸಾದು ತರಾಕ ಓಡಬ್ಯಾಡ್ರಿ, ನೀರು ಕಾಯ್ಸೋ ಕಾಯಿಲಿಗೆ, ಅಂದ್ರ ಎಲಿಮೆಂಟಿಗೆ, ಸುಣ್ಣ ಹಿಡದಿರ್ತದ. ಕಲಬುರಗಿ ಕಡಿ ಬೋರ್ ನೀರು ಬಳಸೋ ಮನಿಗಳಾಗ ಇದು ಮಾಮೂಲಿ. ಶಹಾಬಾದ್, ವಾಡಿ, ಸೇಡಂ ಕಡಿ ಇಷ್ಟು ಸಿಮೆಂಟ್ ಫ್ಯಾಕ್ಟರಿ ಯಾಕ ಬಂದ್ವು? ನೆಲದಾಗ ಸುಣ್ಣದಕಲ್ಲು ಅದ ಅಂತ. ನೆಲದೊಳಗಿಂದ ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿಸ್ಕೊಂಡು ಬರೋ ನೀರು ತಣ್ಣಗಿರೋತನಕ ಏನೂ ಕಾಣಂಗಿಲ್ಲ, ಕಾಯ್ಸಿದ್ರ ಅದರಾಗಿನ ಬೈಕಾರ್ಬೋನೇಟ್ ಒಡದು ಕ್ಯಾಲ್ಸಿಯಂ ಕಾರ್ಬೋನೇಟ್ ಆಗಿ, ಎಲ್ಲಿ ಹೆಚ್ಚು ಬಿಸಿ ಅದನೋ ಅಲ್ಲೇ ಹಕ್ಕಳಿಕಿ ಕಟ್ಟಿ ಕೂಡ್ತದ. ಕಾವು ನೀರಿಗೆ ಹೋಗೋದು ಬಿಟ್ಟು ಎಲಿಮೆಂಟ್‌ನಾಗೇ ಉಳೀತದ, ಕಡೀಗೆ ಎಲಿಮೆಂಟ್ ಸುಟ್ಟು ಹೋಗ್ತದ.

ಕುಡಿಯೋ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಗಡಸುತನ, ಅಂದ್ರ ಈ ಕ್ಯಾಲ್ಸಿಯಂ-ಮೆಗ್ನೀಷಿಯಂ ಅಳತಿ, ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬ್ಯಾರೆ ನೀರೇ ಇಲ್ಲಂದ್ರ 600 ತನಕ ಓಕೆ. ಆದ್ರ ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ "ನೋಡ್ರಿ ಸಾರ್, ಹಾರ್ಡ್‌ನೆಸ್ ಎಷ್ಟದ" ಅನ್ನೋರನ್ನ ನಂಬಬ್ಯಾಡ್ರಿ, ಅದು ಕರಗಿದ ಎಲ್ಲಾ ಉಪ್ಪಿನ ಅಂದಾಜು ಹೇಳ್ತದ, ಗಡಸುತನ ಬ್ಯಾರೆನೇ.

ಈ ಕೆಲಸ ಶಿವರಾತ್ರಿ ಆದಮ್ಯಾಲ ಮಾಡ್ರಿ. ಎಲ್ಲಾರೂ ದೀಪಾವಳಿಗೆ ಥಂಡಿ ಶುರು ಆದಾಗ ನೆನಸ್ಕೋತಾರ, ಆಗ ಮೆಕ್ಯಾನಿಕ್ ಸಿಗಂಗಿಲ್ಲ. ನಮ್ಮ ಬ್ಯಾಸಿಗ್ಯಾಗ ಗೀಸರ್ ವಾರಗಟ್ಲೆ ಬಿಚ್ಚಿಟ್ರೂ ಮನಿಯಾಗ ಯಾರೂ ಕೇಳಂಗಿಲ್ಲ. ವಾರಂಟಿ ಇದ್ರ ಮಾತ್ರ ಮುಟ್ಟಬ್ಯಾಡ್ರಿ, ಕಂಪನಿಯವರನ್ನೇ ಕರೀರಿ.

ಮೊದಲು ಕರೆಂಟ್. ಸ್ವಿಚ್ ಆಫ್ ಸಾಲಂಗಿಲ್ಲ, ಮೇನ್ ಬೋರ್ಡಿನಾಗಿನ ಎಂಸಿಬಿನೇ ಇಳಸ್ರಿ, ಟೆಸ್ಟರ್ ಹಚ್ಚಿ ನೋಡ್ರಿ, ನೀರು ತಣ್ಣಗಾಗೋತನಕ ಕಾಯ್ರಿ.

ಆಮ್ಯಾಲ ನೀರು ಖಾಲಿ ಮಾಡೋದು. ಗೀಸರಿಗೆ ಬರೋ ತಣ್ಣೀರಿನ ವಾಲ್ವ್ ಬಂದ್ ಮಾಡಿ ಬಿಸಿನೀರಿನ ನಳ ತಗೀರಿ, ಗಾಳಿ ಒಳಗ ಹೋಗಬೇಕಲ್ಲ. ತಣ್ಣೀರಿನ ಪೈಪ್ ಬಿಚ್ಚಿದ್ರೂ ಹನಿ ನೀರು ಬರಲಿಲ್ಲ ಅಂದ್ರ ಗಾಬರಿ ಆಗಬ್ಯಾಡ್ರಿ, ಅಲ್ಲಿರೋ ಸೇಫ್ಟಿ ವಾಲ್ವ್ ನೀರನ್ನ ಹಿಂದಕ್ಕ ಬಿಡಂಗಿಲ್ಲ, ಅದನ್ನೂ ಬಿಚ್ಚಬೇಕು.

ಈಗ ಅಸಲಿ ಕೆಲಸ. ಕೆಳಗಿನ ಪ್ಲಾಸ್ಟಿಕ್ ಕವರ್ ತಗದ್ರ ವೈರು ಕಾಣ್ತಾವ. ಒಂದು ವೈರೂ ಬಿಚ್ಚೋಕಿಂತ ಮೊದಲು ಮೊಬೈಲ್‌ನಾಗ ಎರಡು ಫೋಟೋ ಹೊಡೀರಿ, ಒಂದು ದೂರದಿಂದ, ಒಂದು ಹತ್ತಿರದಿಂದ. "ನೆನಪಿರ್ತದ ಬಿಡು" ಅಂದವರನ್ನ ಬಾಳ ನೋಡೀನಿ. ವೈರು, ಬಿಸಿ ಎಷ್ಟಿರಬೇಕಂತ ನೋಡ್ಕೊಳ್ಳೋ ಥರ್ಮೋಸ್ಟಾಟ್ ತಗದು, ಎಲಿಮೆಂಟ್ ಕೂತಿರೋ ತಟ್ಟಿಯ ನಟ್ ಒಂದೊಂದೇ ಸಡಿಲ ಮಾಡ್ರಿ, ಪೂರಾ ಬಿಚ್ಚಬ್ಯಾಡ್ರಿ, ಯಾಕಂದ್ರ ತಳದಾಗ ಇನ್ನಾ ನೀರು ಇರ್ತದ, ಕೆಳಗ ಬಕೆಟ್ ಹಿಡದು ಅದು ಸೋರಿ ಹೋಗ್ಲಿ ಬಿಡ್ರಿ, ಆಮ್ಯಾಲ ತಟ್ಟಿ ಇಳಸ್ರಿ. ಹೋದ ವರ್ಷ ನಮ್ಮ ಮನೀದು ಇಳಸಿದಾಗ ಖಡಕ್ ರೊಟ್ಟಿ ಮುರದಂಗ ಬಿಳೀ ಚೂರು ದಬದಬ ಬಕೆಟ್‌ಗೆ ಬಿದ್ವು, ಕಾಯಿಲ್ ಅಂತೂ ನನ್ನ ಹೆಬ್ಬೆರಳಿನಷ್ಟು ದಪ್ಪ ಆಗಿತ್ತು, ಸುರುಳಿ ಮಧ್ಯ ಸಂದೇ ಉಳಿದಿದ್ದಿಲ್ಲ.

ಇಲ್ಲೇ ಎಲ್ಲಾರೂ ತಪ್ಪೋದು. ನಮ್ಮ ಕಾಕಾ ಇದೇ ಹೊತ್ತಿಗೆ ಸ್ಕ್ರೂಡ್ರೈವರ್ ಇಟ್ಟು ಸುತ್ತಿಗಿಲೆ ಬಡದ್ರು. ಸುಣ್ಣ ಉದುರ್ತು ಖರೆ, ಕಾಯಿಲಿನ ಹೊರಗಿನ ಕೊಳವಿ ಕಣ್ಣಿಗೆ ಕಾಣದಷ್ಟು ಸೀಳ್ತು, ಒಳಗಿನ ಪುಡಿಗೆ ನೀರು ಹತ್ತಿ ಆನ್ ಮಾಡಿದಾಗೊಮ್ಮೆ, ಕರೆಂಟ್ ಸೋರಿದ್ರ ತಾನೇ ಬಂದ್ ಆಗೋ ಇಎಲ್‌ಸಿಬಿ ಟ್ರಿಪ್. ಇನ್ನೊಬ್ರು ಬಾತ್‌ರೂಮ್ ತೊಳಿಯೋ ಆಸಿಡ್ ಸುರುವಿದ್ರು. ಅದು ಹೈಡ್ರೋಕ್ಲೋರಿಕ್, ಸುಣ್ಣದ ಜೋಡಿ ಲೋಹಾನೂ ತಿಂತದ. ಅದೂ ಬ್ಯಾಡ.

ಬೇಕಾಗಿದ್ದು ಸಿಟ್ರಿಕ್ ಆಸಿಡ್ ಪುಡಿ, ಕಿರಾಣಿ ಅಂಗಡಿಯಾಗ ನಿಂಬು ಸತ್ ಅಂತ ಕೇಳ್ರಿ. ಡೀಸ್ಕೇಲರ್ ಅಂತ ಚಂದ ಪಾಕೆಟ್‌ನಾಗ ಮಾರೋ ಪುಡಿಗಳಾಗೂ ಬಾಳಷ್ಟು ಇದೇ ಇರ್ತದ. ಬಕೆಟ್‌ನಾಗ ಲೀಟರ್ ಬೆಚ್ಚನ ನೀರಿಗೆ 50 ಗ್ರಾಂ ಕರಗಿಸಿ ಕಾಯಿಲ್ ಅದರಾಗ ಇಡ್ರಿ. ಕುದಿಯೋ ನೀರು ಬ್ಯಾಡ, ಬಾಳ ಬಿಸಿಯಾದ್ರ ಕ್ಯಾಲ್ಸಿಯಂ ಸಿಟ್ರೇಟ್ ಅನ್ನೋ ಇನ್ನೊಂದು ಬಿಳೀ ಗಸಿ ಕೂಡ್ತದ. ತಟ್ಟಿಗೆ ಟ್ಯಾಂಕ್ ತುಕ್ಕು ಹಿಡೀದಂಗ ಕಾಯೋ ಮೆಗ್ನೀಷಿಯಂ ಆನೋಡ್ ಕಡ್ಡಿ ಇದ್ರ ಮೊದಲೇ ಬಿಚ್ಚಿ ಪಕ್ಕಕ್ಕಿಡ್ರಿ, ಆಸಿಡ್ ಅದನ್ನ ತಿಂದು ಹಾಕ್ತದ. ಅದು ಮೊದಲೇ ಸವದು ಒಳಗಿನ ತಂತಿ ಕಾಣ್ತಿದ್ರ ಹೊಸಾದು ಹಾಕ್ರಿ. ಕಾಯಿಲ್ ಅಷ್ಟೇ ಮುಳುಗಬೇಕು, ವೈರ್ ಹಚ್ಚೋ ತುದಿ ಒಣಗಿರಬೇಕು. ಸಣ್ಣಗ ಸೋಡಾದಂಗ ಗುಳ್ಳಿ ಏಳ್ತಾವ. ಗುಳ್ಳಿ ನಿಂತ್ರೂ ಸುಣ್ಣ ಉಳಿದಿದ್ರ ನೀರು ಚೆಲ್ಲಿ ಹೊಸಾದು ಮಾಡ್ರಿ. ದಪ್ಪ ಇದ್ರ ರಾತ್ರಿಪೂರ್ತಿ ಬೇಕಾಗ್ತದ. ಉಳಿದದ್ದು ಹಳೇ ಟೂತ್‌ಬ್ರಶ್‌ಲೆ ಹೋಗ್ತದ.

ಒಂದು ಎಚ್ಚರ, ಬಕೆಟ್ ಶಹಾಬಾದ್ ಫರ್ಸಿ ಮ್ಯಾಲ ಇಡಬ್ಯಾಡ್ರಿ. ಫರ್ಸಿನೂ ಸುಣ್ಣದಕಲ್ಲೇ, ಒಂದು ಹನಿ ಬಿದ್ರೂ ಅಲ್ಲಿ ಹೊಳಪು ಹೋಗಿ ಮಚ್ಚಿ ಉಳೀತದ, ನಮ್ಮ ಅವ್ವ ಇವತ್ತಿಗೂ ಬೈತಾಳ.

ಟ್ಯಾಂಕ್ ಒಳಗಿನ ಚೂರು ನೀರು ಬಿಟ್ಟು ತೊಳೀರಿ.

ತಿರುಗಿ ಕೂಡಸೋವಾಗ ತಟ್ಟಿ ಸೋರದಂಗ ಹಾಕೋ ರಬ್ಬರ್ ಗ್ಯಾಸ್ಕೆಟ್ ಹಳೇದೇ ಹಾಕಿ ರೊಕ್ಕ ಉಳಸಾಕ ಹೋಗಬ್ಯಾಡ್ರಿ. ಹಳೇದನ್ನ ಕೈಯಾಗ ಹಿಡಕೊಂಡು ನಮ್ಮ ಕಲಬುರಗಿ ಸೂಪರ್ ಮಾರ್ಕೆಟ್ ಬಜಾರದ ಕಡಿ ಹೋಗಿ ಅದೇ ಸೈಜಿಂದು ತರ್ರಿ. ನಟ್ ಒಂದು ಕಡಿ ಪೂರಾ ಬಿಗಿದು ಇನ್ನೊಂದಕ್ಕ ಹೋದ್ರ ತಟ್ಟಿ ವಾರಿ ಕೂತು ಸೋರ್ತದ, ಎದುರುಬದುರಿನವನ್ನ ಸ್ವಲ್ಪ ಸ್ವಲ್ಪ ಬಿಗೀರಿ. ಅರ್ಥ್ ವೈರ್ ಮರೀಬ್ಯಾಡ್ರಿ.

ಕರೆಂಟ್ ಹಚ್ಚೋಕಿಂತ ಮೊದಲು ನೀರು ತುಂಬಸ್ರಿ. ಬಿಸಿನೀರಿನ ನಳದಾಗ ಗಾಳಿ ಪುಸ್ ಪುಸ್ ಅನ್ನೋದು ನಿಂತು ಒಂದೇ ಧಾರ ಬರೋತನಕ ಬಿಡ್ರಿ, ಖಾಲಿ ಟ್ಯಾಂಕಿಗೆ ಕರೆಂಟ್ ಕೊಟ್ರ ಅಷ್ಟು ತೊಳದ ಎಲಿಮೆಂಟ್ ನಿಮಿಷದಾಗ ಹೋಗ್ತದ. ಆಮ್ಯಾಲ ತಟ್ಟಿ ಸುತ್ತ ಒಣ ಟಿಶ್ಯೂ ಪೇಪರ್ ಒರೆಸಿ ಅರ್ಧ ತಾಸು ಬಿಟ್ಟು ನೋಡ್ರಿ. ಪೇಪರ್ ಹಸಿ ಆಗಿದ್ರ ಆ ಕಡಿ ನಟ್ ಇನ್ನೊಂದು ಸುತ್ತು. ಒಣಗಿದ್ರ ಕವರ್ ಹಾಕಿ ಎಂಸಿಬಿ ಏರಸ್ರಿ, ಥರ್ಮೋಸ್ಟಾಟ್ 60 ಡಿಗ್ರಿಗಿಂತ ಮ್ಯಾಲ ಇಡಬ್ಯಾಡ್ರಿ.