ಮನೆ ಇಲ್ಲದವರ ವಿಷಯದಲ್ಲಿ ಸರ್ಕಾರದ ಹತ್ರ ಏನು ಕೇಳ್ಬೇಕು, ನಾವೇನು ಮಾಡ್ಬೇಕು

ಬೀದಿಲಿ ಮಲಗೋರಿಗೆ ಏನಾದ್ರೂ ಮಾಡ್ಬೇಕು ಅಂತ ಹೊರಟಿದ್ರೆ ಮೊದಲು ಸರ್ಕಾರದ ಕೈಲಿ ಏನಾಗತ್ತೆ, ಏನಾಗಲ್ಲ ಅಂತ ತಿಳ್ಕೊಳ್ಳಿ. ಇಲ್ದಿದ್ರೆ ಎಲ್ಲದಕ್ಕೂ ಸರ್ಕಾರನ ಬೈತಾ ಕೂರ್ತೀವಿ, ಇಲ್ಲಾ ಅವರಿಂದ ಏನೂ ಆಗಲ್ಲ ಅಂತ ಕೈ ಚೆಲ್ತೀವಿ, ಬೀದಿಲಿರೋರು ಮಾತ್ರ ಅಲ್ಲೇ ಇರ್ತಾರೆ.

ಕೇಳೋದಾದ್ರೆ ಮನೆನೇ ಕೇಳಿ, ಬರೀ ರಾತ್ರಿ ಮಲಗೋ ಶೆಲ್ಟರ್ ಅಲ್ಲ. ಫಿನ್ಲೆಂಡ್ 2008ರಿಂದ ಮಾಡಿದ್ದು ಇದನ್ನೇ, ಕುಡಿತ ಬಿಟ್ಮೇಲೆ ಮನೆ ಅನ್ನೋ ಷರತ್ತೆಲ್ಲ ತೆಗೆದು ಮೊದಲು ಬಾಡಿಗೆ ಕರಾರು ಇರೋ ಮನೆ ಕೊಟ್ರು, ಹಳೇ ಶೆಲ್ಟರ್‌ಗಳನ್ನೇ ಸಣ್ಣ ಸಣ್ಣ ಫ್ಲಾಟ್ ಮಾಡಿದ್ರು, ವರ್ಷಗಟ್ಟಲೆ ಮನೆ ಇಲ್ದೆ ಇದ್ದವರ ಸಂಖ್ಯೆ ತುಂಬಾ ಇಳೀತು. ಜಾಗ, ದುಡ್ಡು, ಕಾನೂನು ಇಷ್ಟು ದೊಡ್ಡದಾಗಿ ಇರೋದು ಸರ್ಕಾರದ ಹತ್ರ ಮಾತ್ರ, ಈ ವಿಷಯದಲ್ಲಿ ರಾಜಿ ಬೇಡ.

ಆದ್ರೆ ಮನೆ ಕೊಟ್ಟ ತಕ್ಷಣ ಎಲ್ಲ ಸರಿ ಹೋಗತ್ತೆ ಅಂದ್ಕೋಬೇಡಿ. ಕೆನಡಾದಲ್ಲಿ 2009ರಿಂದ 5 ಊರುಗಳಲ್ಲಿ ಇದೇ ರೀತಿ ಮನೆ ಕೊಟ್ಟು ನೋಡಿದ್ರು, ಜನ ಮನೇಲಿ ಉಳ್ಕೊಂಡ್ರು, ಅದು ದೊಡ್ಡ ವಿಷಯನೇ, ಆದ್ರೆ ಚಟ ಮತ್ತೆ ಮಾನಸಿಕ ಕಾಯಿಲೆ ವಿಷಯದಲ್ಲಿ ಮಾಮೂಲಿ ಸೇವೆ ಪಡೆದವರಿಗಿಂತ ಹೆಚ್ಚೇನೂ ಸುಧಾರಣೆ ಆಗಲಿಲ್ಲ. ಬೀಗದ ಕೈ ಕೊಡೋಕೆ ಆದೇಶ ಸಾಕು, ಆಮೇಲೆ ಒಬ್ಬರೇ ಕೂತಿರೋ ಸಂಜೆ ಬಾಗಿಲು ತಟ್ಟೋಕೆ ಯಾರಾದ್ರೂ ಬೇಕಲ್ವಾ.

ಮನೆ ಇಲ್ಲದವರು ಇಷ್ಟು ಜನ ಅಂತ ಸರ್ಕಾರ ಲೆಕ್ಕ ತೋರಿಸಿದ್ರೆ ಹೇಗೆ ಎಣಿಸಿದ್ರಿ ಅಂತ ಕೇಳೋದು ಮರೀಬೇಡಿ. ಅಮೆರಿಕದಲ್ಲಿ ಜನವರಿ ಕೊನೇಲಿ ಒಂದು ರಾತ್ರಿ ಎಣಿಸ್ತಾರೆ, ನೆಂಟರ ಮನೆ ಸೋಫಾ ಮೇಲೆ ದಿನ ದೂಡೋರು ಅದ್ರಲ್ಲಿ ಬರಲ್ಲ, ಫಿನ್ಲೆಂಡ್‌ನಲ್ಲಿ ಅಂಥವರನ್ನೂ ಎಣಿಸ್ತಾರೆ. ಅಮೆರಿಕದ್ದೇ ಯೂಟಾ ರಾಜ್ಯ 2015ರಲ್ಲಿ ದೀರ್ಘಕಾಲ ಮನೆ ಇಲ್ಲದವರು 91% ಕಮ್ಮಿ ಆದ್ರು ಅಂತ ಹೇಳ್ತು, ಆ ಇಳಿಕೆಲಿ ಒಂದು ಪಾಲು ಎಣಿಸೋ ರೀತಿ ಬದಲಾದ್ದರಿಂದ ಬಂದಿದ್ದು.

ಇನ್ನೊಂದು ಕೇಳಿ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗೋರಿಗೆ, ಜೈಲಿಂದ ಬಿಡುಗಡೆ ಆಗೋರಿಗೆ ಆವತ್ತು ರಾತ್ರಿ ಮಲಗೋಕೆ ಜಾಗ ಯಾರು ನೋಡ್ತಾರೆ ಅಂತ. ವಸತಿ ಇಲಾಖೆ ಖರ್ಚು ಮಾಡಿದ್ರೆ ಉಳಿತಾಯ ಆಗೋದು ಆಸ್ಪತ್ರೆಗೆ, ಪೊಲೀಸಿಗೆ. ಬಜೆಟ್ ಬೇರೆ ಬೇರೆ ಇರೋದ್ರಿಂದ ಯಾರೂ ಮುಂದೆ ಬರಲ್ಲ, ಇದು ಯಾವ ಅಧಿಕಾರಿ ಒಳ್ಳೆಯವರಾದ್ರೂ ಹಾಗೇ ಇರತ್ತೆ.

ನಿಮ್ಮ ಕೆಲಸ ಶುರು ಆಗೋದು ಕೌಂಟರ್ ಮುಂದೆ. ವಿಳಾಸ ಇಲ್ದೆ ಗುರುತಿನ ಚೀಟಿ ಸಿಗೋದು ಕಷ್ಟ, ಗುರುತಿನ ಚೀಟಿ ಇಲ್ದೆ ಬಾಡಿಗೆ ಮನೆ ಸಿಗೋದು ಕಷ್ಟ, ಈ ಸುಳಿಲಿ ಸಿಕ್ಕೊಂಡವರ ಜೊತೆ ನೀವೇ ಹೋಗಿ, ಫಾರಂ ತುಂಬ್ಕೊಡಿ, ವಾಪಸ್ ಕಳಿಸಿದ್ರೆ ಮತ್ತೆ ಹೋಗಿ. ಮೊದಲ ದಿನವೇ ಕಥೆ ಕೇಳ್ಬೇಡಿ, ಹೆಸರು ಸಾಕು. ಮತ್ತೆ ಬರ್ತೀನಿ ಅಂತ ಹೇಳಿದ ದಿನ ಖಂಡಿತ ಹೋಗಿ, ಹೋಗಕ್ಕಾಗಲ್ಲ ಅನ್ಸಿದ್ರೆ ಆ ಮಾತು ಕೊಡಲೇಬೇಡಿ.