ಕೆಮ್ಮಿನ ಸಿರಪ್ಪು ಕುಡಿದು ಸೈಕಲ್ ಹತ್ತುವ ಮುಂಚೆ

ಪುಣೆಯ ಕರ್ವೆನಗರದಲ್ಲಿ ನಾನು ಮೆಡಿಕಲ್ ಅಂಗಡಿ ಇಟ್ಟು ಇಪ್ಪತ್ತಾರು ವರ್ಷವಾಯಿತು. ಮೂಲ ಊರು ಧಾರವಾಡ. ತಂಗಿಯ ಮಗ ವೇತಾಳ ಟೇಕಡಿಯ ಮೇಲೆ ಮೌಂಟನ್ ಬೈಕ್ ಹೊಡೆಯಲು ಶುರುಮಾಡಿದಾಗಿನಿಂದ ಅವನ ಗೆಳೆಯರೆಲ್ಲ ನನ್ನ ಗಿರಾಕಿಗಳು. ಮೊಣಕಾಲಿಗೆ ಬ್ಯಾಂಡೇಜು, ಓಆರ್‌ಎಸ್ ಪುಡಿ, ಜೊತೆಗೆ ಒಂದು ಪ್ರಶ್ನೆ: "ಮಾಮಾ, ಈ ಗುಳಿಗಿ ರೇಸಿಗೆ ನಡೀತದೇನು?" ಅಂದರೆ, ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಔಷಧವೇ ಅಂತ. ದಿನಾ ಹೇಳಿ ಸಾಕಾಗಿ ಇಲ್ಲಿ ಒಮ್ಮೆ ಬರೆದಿಡುತ್ತಿದ್ದೇನೆ.

ಮೊದಲು ನನ್ನ ತಪ್ಪು. ಸಾತಾರಾ ಕಡೆ ಭಾನುವಾರ ರೇಸು. ಶುಕ್ರವಾರ ರಾತ್ರಿ ತಂಗಿಯ ಮಗ ಬಂದು "ಕೆಮ್ಮು ಬಿಡವಲ್ದು ಮಾಮಾ" ಅಂದ. ನಾನು ಗಲ್ಲೆಯಿಂದ ಏಳದೆ, ಕೈಗೆ ಸಿಕ್ಕ ಸಿರಪ್ಪು ಕೊಟ್ಟೆ. ಎರಡು ದಿನ ಕುಡಿದ. ಭಾನುವಾರ ನಸುಕಿನಲ್ಲಿ ಹೊರಟಾಗ ಬಾಟಲಿ ಕಾರಿನಲ್ಲಿ ನನ್ನ ಕಾಲಿಗೆ ತಗುಲಿತು. ಖಂಬಾಟಕಿ ಘಾಟಿನ ಮುಂಚೆ ಚಹಾಕ್ಕೆ ನಿಂತಾಗ ಸುಮ್ಮನೆ ಲೇಬಲ್ ಓದಿದೆ: ಬ್ರೋಮ್‌ಹೆಕ್ಸಿನ್, ಗ್ವೈಫೆನೆಸಿನ್, ಟರ್ಬುಟಲಿನ್. ಕೊನೆಯದು ವಾಡಾ ಅಂದರೆ ವಿಶ್ವ ಡೋಪಿಂಗ್ ವಿರೋಧಿ ಸಂಸ್ಥೆಯ ಪಟ್ಟಿಯಲ್ಲಿ ವರ್ಷವಿಡೀ ನಿಷಿದ್ಧ, ರೇಸಿನ ದಿನ ಮಾತ್ರವಲ್ಲ. ಅಲ್ಲಿಂದಲೇ ಗಾಡಿ ತಿರುಗಿಸಿದೆ. ಕಾತ್ರಜ್ ಬರುವವರೆಗೆ ಹುಡುಗ ಒಂದು ಮಾತೂ ಆಡಲಿಲ್ಲ.

ಆದ್ದರಿಂದ ಮೊದಲ ಪಾಠ: ಬ್ರ್ಯಾಂಡ್ ಹೆಸರು ಮರೆತುಬಿಡಿ, ಸಾಲ್ಟ್ ಓದಿ. ಅಂದರೆ ಗುಳಿಗೆ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧದ ನಿಜ ಹೆಸರು. ಗುಳಿಗೆಯನ್ನು ಅರ್ಧ ಪಟ್ಟಿ ಕತ್ತರಿಸಿ ಕೊಟ್ಟರೆ ಹೆಸರೇ ಹರಿದುಹೋಗಿರುತ್ತದೆ. ಪೂರಾ ಪಟ್ಟಿ ಕೇಳಿ, ನಮ್ಮಂಥವರು ಗೊಣಗಿದರೂ ಸರಿ. ನಮ್ಮ ದೇಶದ ಡೋಪಿಂಗ್ ವಿರೋಧಿ ಸಂಸ್ಥೆ ನಾಡಾದವರ 'ನೋ ಯುವರ್ ಮೆಡಿಸಿನ್' ಆ್ಯಪ್‌ನಲ್ಲಿ ಆ ಹೆಸರು ಹಾಕಿ ನೋಡಿ. ನಿಷಿದ್ಧ ಪಟ್ಟಿ ಪ್ರತಿ ಜನವರಿ 1ಕ್ಕೆ ಬದಲಾಗುತ್ತದೆ. ಹೋದ ವರ್ಷ ನಡೆದದ್ದು ಈ ವರ್ಷವೂ ನಡೆಯುತ್ತದೆಂದು ನಂಬಬೇಡಿ. ನೋವಿಗೆ ಕೊಡುವ ಟ್ರಾಮಡಾಲ್ 2024ರಿಂದ ಸ್ಪರ್ಧೆಯ ಅವಧಿಯಲ್ಲಿ ನಿಷಿದ್ಧವಾಯಿತು. ಆ ಅವಧಿ ಶುರುವಾಗುವುದು ಸ್ಟಾರ್ಟ್ ಲೈನಿನಲ್ಲಲ್ಲ, ಹಿಂದಿನ ರಾತ್ರಿ 11:59ಕ್ಕೆ.

ನೆಗಡಿಯ ಗುಳಿಗೆಯಲ್ಲಿ ಸೂಡೋಎಫಿಡ್ರಿನ್ ಇದೆಯೇ ನೋಡಿ. ಮನೆಯಲ್ಲಿ ಅಮ್ಮನ ಬಿಪಿ ಗುಳಿಗೆ ಹೆಸರಿನ ಕೊನೆಗೆ 'ಎಚ್' ಇದ್ದರೆ ಸಾಮಾನ್ಯವಾಗಿ ಹೈಡ್ರೋಕ್ಲೋರೋಥಯಜೈಡ್ ಇರುತ್ತದೆ, ಅದು ಮೂತ್ರ ಹೆಚ್ಚಿಸುವ ನಿಷಿದ್ಧ ಔಷಧ; ಡಬ್ಬಿ ಬೇರೆ ಇಡಿ. ಹೆಸರಿಲ್ಲದ ಪೊಟ್ಟಣದ ಪುಡಿ, ಜಿಮ್ಮಿನಲ್ಲಿ ಯಾರೋ ಕೊಟ್ಟ ಪ್ರೋಟೀನು, ಇವುಗಳ ಬಗ್ಗೆ ನನ್ನನ್ನು ಕೇಳಲೂಬೇಡಿ. ಹೋಳಿಯ ಭಾಂಗ್ ಬಗ್ಗೆ ನಗುತ್ತೀರಿ, ಆದರೆ ಅದರ ಗುರುತು ಮೂತ್ರದಲ್ಲಿ ದಿನಗಟ್ಟಲೆ ಉಳಿಯುತ್ತದೆ.

"ಮಾಮಾ, ನಾವು ಕೆಸರಾಗ ಸೈಕಲ್ ಹೊಡಿಯೋರು. ಡೋಪಿಂಗ್ ಎಲ್ಲ ರೋಡ್ ರೇಸಿನವ್ರ ರೋಗ" ಅಂತ ಒಬ್ಬ ವಾದಕ್ಕೆ ನಿಂತ. ಮಾತಾಡದೆ ಫ್ರಿಜ್ಜಿನ ಬಾಗಿಲು ತೆರೆದೆ. ಇನ್ಸುಲಿನ್ ಪಕ್ಕದಲ್ಲಿ, 2ರಿಂದ 8 ಡಿಗ್ರಿಯಲ್ಲಿ, ಎರಿಥ್ರೋಪೊಯೆಟಿನ್ ಸಿರಿಂಜುಗಳಿವೆ. ಡಯಾಲಿಸಿಸ್ ಮಾಡಿಸುವವರ ಮನೆಯವರು ಚೀಟಿ ಹಿಡಿದು ಬರುತ್ತಾರೆ. ನಮ್ಮ ಮೂತ್ರಪಿಂಡವೇ ತಯಾರಿಸುವ ಹಾರ್ಮೋನು ಇದು, ಕೆಂಪು ರಕ್ತಕಣ ಹೆಚ್ಚಿಸಲು ಮಜ್ಜೆಗೆ ಹೇಳುತ್ತದೆ. ಮೂತ್ರಪಿಂಡ ಸೋತವರಿಗೆ ಇದು ಜೀವ. ಗಟ್ಟಿಮುಟ್ಟಾದವನು ಚುಚ್ಚಿಕೊಂಡರೆ ಏರಿನಲ್ಲಿ ಉಸಿರು ಸಾಲುತ್ತದೆ, ಆದರೆ ರಕ್ತ ಗಂಜಿಯಂತೆ ಮಂದವಾಗುತ್ತದೆ. ಸೈಕಲ್ಲಿನವರ ಬಾಯಲ್ಲಿ ಇದೇ ಇಪಿಒ.

ಇದು ಕೆಸರಿನ ಆಟಕ್ಕೆ ಬರಲು ತಡವಾಗಲಿಲ್ಲ. ಮೌಂಟನ್ ಬೈಕಿನ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ 1990ರಲ್ಲಿ ಅಮೆರಿಕದ ಡುರಾಂಗೊದಲ್ಲಿ ನಡೆಯಿತು. ನೆಡ್ ಓವರೆಂಡ್ ಗೆದ್ದರು. ಆರೇ ವರ್ಷಕ್ಕೆ ಆಟ ಅಟ್ಲಾಂಟಾ ಒಲಿಂಪಿಕ್ಸ್ ಸೇರಿತು. ಅಲ್ಲಿ ಬಾರ್ಟ್ ಬ್ರೆಂಟ್‌ಯೆನ್ಸ್‌ಗೆ ಚಿನ್ನ, ಸ್ವಿಸ್ ಸವಾರ ಥಾಮಸ್ ಫ್ರಿಷ್‌ಕ್ನೆಖ್ಟ್‌ಗೆ ಬೆಳ್ಳಿ. ಅದೇ 1996ರಲ್ಲಿ ಆಸ್ಟ್ರೇಲಿಯದ ಕೇರ್ನ್ಸ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಫ್ರಾನ್ಸಿನ ಜೆರೋಮ್ ಶಿಯೊಟ್ಟಿ ಮೊದಲು, ಫ್ರಿಷ್‌ಕ್ನೆಖ್ಟ್ ಮತ್ತೆ ಎರಡನೆಯವರು. ಇಪಿಒ ನಿಷಿದ್ಧ ಪಟ್ಟಿಯಲ್ಲಿತ್ತು, ಆದರೆ ಅದನ್ನು ಹಿಡಿಯುವ ಪರೀಕ್ಷೆಯೇ ಇರಲಿಲ್ಲ. 1997ರಲ್ಲಿ ಸೈಕ್ಲಿಂಗಿನ ಜಾಗತಿಕ ಸಂಸ್ಥೆ ಯುಸಿಐ ಗಂಡಸರಿಗೆ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು, 50 ಪ್ರತಿಶತ ಮೀರಬಾರದೆಂದು ಮಿತಿ ಹಾಕಿತು. ಮೀರಿದವನಿಗೆ ಸ್ವಲ್ಪ ದಿನ ವಿಶ್ರಾಂತಿ, ಅಷ್ಟೆ. ಯಾರೂ ಕಳ್ಳ ಅನ್ನಲಿಲ್ಲ. ನಿಜವಾದ ಪರೀಕ್ಷೆ ಬಂದದ್ದು 2000ದ ಸಿಡ್ನಿ ಒಲಿಂಪಿಕ್ಸ್‌ಗೆ.

ಅದೇ ವರ್ಷ ಶಿಯೊಟ್ಟಿ ತಾನಾಗಿಯೇ ಒಪ್ಪಿಕೊಂಡ. ಯಾವ ಲ್ಯಾಬೂ ಹಿಡಿದದ್ದಲ್ಲ. ಇಪಿಒ ತೆಗೆದುಕೊಂಡು ಗೆದ್ದೆ ಎಂದು ಹೇಳಿ, ವಿಶ್ವ ಚಾಂಪಿಯನ್ನನ ಕಾಮನಬಿಲ್ಲಿನ ಜರ್ಸಿಯನ್ನು ಫ್ರಿಷ್‌ಕ್ನೆಖ್ಟ್ ಕೈಗೆ ಕೊಟ್ಟ. ಆತ ನಾಲ್ಕು ವರ್ಷ ತಡವಾಗಿ 1996ರ ಚಾಂಪಿಯನ್ ಆದರು. ಶಿಯೊಟ್ಟಿಯ ಮೇಲೆ ನನಗೆ ಸಿಟ್ಟು ಅರ್ಧ ಮಾತ್ರ. ಬಾಯಿ ಮುಚ್ಚಿಕೊಂಡಿದ್ದರೆ ನಡೆದುಹೋಗುತ್ತಿತ್ತು. 2003ರ ವಿಶ್ವ ಚಾಂಪಿಯನ್, ಬೆಲ್ಜಿಯಂನ ಫಿಲಿಪ್ ಮೈರ್‌ಹಾಗೆಗೆ ಆ ಆಯ್ಕೆ ಉಳಿದಿರಲಿಲ್ಲ. 2004ರಲ್ಲಿ, ಅಥೆನ್ಸ್ ಒಲಿಂಪಿಕ್ಸ್‌ಗೆ ಮುಂಚೆಯೇ, ಪರೀಕ್ಷೆ ಅವನನ್ನು ಹಿಡಿಯಿತು. ವಾದಕ್ಕೆ ನಿಂತ ಹುಡುಗ ಫ್ರಿಜ್ಜಿನ ಬಾಗಿಲು ತಾನೇ ಮುಚ್ಚಿದ.

ಈಗ ಸಲಾಯಿನ್. ಬಿಸಿಲಲ್ಲಿ ಸಿಂಹಗಡ ಹತ್ತಿ ಸುಸ್ತಾದವರು ಓಣಿಯ ದವಾಖಾನೆಗೆ ಹೋಗಿ "ಒಂದು ಬಾಟಲಿ ಹಾಕಿ ಡಾಕ್ಟ್ರೇ" ಅನ್ನುತ್ತಾರೆ. 12 ತಾಸಿನಲ್ಲಿ 100 ಮಿಲಿ ಮೀರಿದರೆ, ಆಸ್ಪತ್ರೆಯ ನಿಜವಾದ ಚಿಕಿತ್ಸೆಯಲ್ಲದೆ, ಅದೇ ನಿಷಿದ್ಧ. ಬಾಟಲಿಯಲ್ಲಿ ಬರೀ ಉಪ್ಪುನೀರಿದ್ದರೂ ಅಷ್ಟೆ. ಓಆರ್‌ಎಸ್ ಕುಡಿಯಿರಿ.

ಅಸ್ತಮಾ ಇದ್ದವರು ಲೆಕ್ಕ ಹಾಕಿ. ಸಾಲ್ಬುಟಮಾಲ್ ಇನ್ಹೇಲರ್ 24 ತಾಸಿಗೆ 1600 ಮೈಕ್ರೋಗ್ರಾಂ, ಯಾವುದೇ 8 ತಾಸಿಗೆ 600 ಮೀರಬಾರದು. ಒಂದು ಪಫ್ 100 ಆದರೆ 8 ತಾಸಿಗೆ ಆರೇ ಪಫ್. ನೆಬ್ಯುಲೈಜರಿನ 2.5 ಮಿಲಿಗ್ರಾಂ ಒಂದೇ ಡೋಸು ಇಡೀ ದಿನದ ಮಿತಿ ದಾಟಿಸುತ್ತದೆ. ಅಂಥ ಔಷಧಿ ಬೇಕೇ ಬೇಕೆಂದರೆ ವೈದ್ಯರ ಕಾಗದ ಹಚ್ಚಿ ಚಿಕಿತ್ಸಾ ವಿನಾಯಿತಿಗೆ ಮುಂಚಿತವಾಗಿಯೇ ಅರ್ಜಿ ಹಾಕಿ.

ನೂರು ಪುಟದ ಒಂದು ನೋಟ್‌ಬುಕ್ ಇಡಿ. ದಿನಾಂಕ, ಸಾಲ್ಟ್, ಪ್ರಮಾಣ, ಕೊಟ್ಟವರು ಯಾರು. ಡಬ್ಬಿಯ ಫೋಟೋ ಫೋನಿನಲ್ಲಿರಲಿ. ಪರೀಕ್ಷೆಯ ಫಾರ್ಮಿನಲ್ಲಿ ಹಿಂದಿನ ಏಳು ದಿನದ ಔಷಧಿ ಕೇಳುತ್ತಾರೆ. ಫಿನಿಶ್ ಆಗಿ ನಾಲಿಗೆ ಹೊರಬಿದ್ದಿರುವಾಗ ಏನೂ ನೆನಪಾಗುವುದಿಲ್ಲ.

ಪರೀಕ್ಷೆಗೆ ಕರೆದರೆ ಹೋಗಿ, ತಪ್ಪಿಸಿಕೊಂಡರೆ ಅದೇ ಅಪರಾಧ. 18 ತುಂಬದವರು ದೊಡ್ಡವರನ್ನು ಕರೆದುಕೊಂಡು ಹೋಗಬಹುದು. ನಿಮ್ಮದೇ ಲಿಂಗದ ಅಧಿಕಾರಿ ಎದುರಿಗೇ ನಿಂತು ನೋಡುತ್ತಾರೆ, ಮೊದಲ ಸಲ ಮೂತ್ರವೇ ಬರುವುದಿಲ್ಲ, ನಾಚಿಕೆ ಬೇಡ. 90 ಮಿಲಿ ಬೇಕು. ಗಡಿಬಿಡಿಯಲ್ಲಿ ಎರಡು ಲೀಟರ್ ನೀರು ಕುಡಿಯಬೇಡಿ, ತೆಳುವಾದರೆ ಮತ್ತೆ ಕೂರಿಸುತ್ತಾರೆ. ಕಿಟ್ಟನ್ನು ನೀವೇ ಆರಿಸಿ. ಎ ಮತ್ತು ಬಿ ಬಾಟಲಿಯ ನಂಬರು ಫಾರ್ಮಿನ ನಂಬರಿಗೆ ತಾಳೆ ನೋಡಿ ಸಹಿ ಹಾಕಿ. ನಿಮ್ಮ ಪ್ರತಿಯನ್ನು ಅದೇ ನೋಟ್‌ಬುಕ್ಕಿನಲ್ಲಿ ಮಡಚಿಡಿ.

ಇನ್ನು ಕೆಮ್ಮು ಬಂದರೆ ಅಂಗಡಿಗೆ ಬನ್ನಿ, ಗಲ್ಲೆಯಿಂದ ಎದ್ದು ಬಂದು ಲೇಬಲ್ ಓದಿಯೇ ಕೊಡುತ್ತೇನೆ. ನಮ್ಮ ಹುಡುಗ ಮಾತ್ರ ಈಗಲೂ ಬಾಟಲಿ ಕಸಿದುಕೊಂಡು ಇನ್ನೊಮ್ಮೆ ತಾನೇ ಓದುತ್ತಾನೆ.